ಹೃದ್ರೋಗಕ್ಕೆ ಹೋಮೋಸಿಸ್ಟೀನ್ ಕಾರಣವೋ, ಸಾಕ್ಷಿಯೋ?

ಒಂದು ತಲೆಮಾರಿನ ಹಿಂದೆ ಕಾಖಂಡಕಿ, ಬಬಲೇಶ್ವರ, ತಿಕೋಟಾ ಸೀಮೆಯ ಹಳ್ಳಿಗಳಲ್ಲಿ 'ಬಿ.ಪಿ.', 'ಶುಗರ್' ಎಂಬ ಮಾತುಗಳು ಪಟ್ಟಣಿಗರ ಮಾತುಗಳಾಗಿದ್ದವು. ಇಂದು ಅವು ಅಗಸಿಕಟ್ಟೆಯ ಮಾತುಗಳಾಗಿವೆ. ಅವುಗಳ ಬೆನ್ನಿಗೆ 'ಕೊಲೆಸ್ಟರಾಲ್' ಬಂದಿತು. ಈಗ ವಿಜಯಪುರಕ್ಕೆ ಹೋಗಿ ರಕ್ತ ತಪಾಸಣೆ ಮಾಡಿಸಿಕೊಂಡು ಬರುವವರ ಕೈಯ ಕಾಗದದಲ್ಲಿ ಇನ್ನೊಂದು ಹೆಸರು ಕಾಣಿಸಿಕೊಳ್ಳತೊಡಗಿದೆ, ಅದು ಹೋಮೋಸಿಸ್ಟೀನ್. ಅದರ ಮುಂದೆ 28 ಎಂದೋ 35 ಎಂದೋ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಪಕ್ಕದಲ್ಲಿ 15ರ ಒಳಗಿರಬೇಕೆಂಬ ಸೂಚನೆಯಿರುತ್ತದೆ. ಜನ್ಮದಲ್ಲಿ ಮದ್ಯಮಾಂಸಗಳನ್ನು ಮುಟ್ಟದವರು, ದಿನವೂ ಹೊಲದ ಬದುವಿನ ಮೇಲೆ ಎರಡು ಹರದಾರಿ ನಡೆಯುವವರು, ಸೂರ್ಯ ಮುಳುಗುವುದರೊಳಗೆ ಉಂಡು ಕೈತೊಳೆಯುವವರು ಆ ಅಂಕಿಯನ್ನು ಕಂಡು ದಿಗಿಲುಗೊಳ್ಳುತ್ತಾರೆ. ಕೆಲವರು ಅಂದೇ ಅಂಗಡಿಗೆ ಹೋಗಿ ದುಬಾರಿ ಗುಳಿಗೆಗಳ ಪಟ್ಟಿಗಳನ್ನು ಕೊಳ್ಳುತ್ತಾರೆ. ಇನ್ನು ಕೆಲವರು ಇದೆಲ್ಲ ಆಸ್ಪತ್ರೆಯವರ ಹೊಟ್ಟೆಪಾಡಿನ ಹೂಟವೆಂದು ಆ ಕಾಗದವನ್ನು ಜಂತಿಗೆ ಸಿಕ್ಕಿಸಿ ಮರೆಯುತ್ತಾರೆ. ಈ ಭಯವೂ ಈ ಉಪೇಕ್ಷೆಯೂ ಒಂದೇ ಅಜ್ಞಾನದ ಎರಡು ಮಕ್ಕಳು. ಆ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಸಮಾಧಾನದಿಂದ ವಿಚಾರಿಸಿದರೆ, ವಿಷಯವು ಹೃದಯದಿಂದ ಹೊರಟು ಅಡಿಗೆಮನೆಗೂ, ಅಲ್ಲಿಂದ ಪ್ರಸಾದನಿಲಯದ ಪಂಕ್ತಿಗೂ ಬಂದು ನಿಲ್ಲುತ್ತದೆ.

ಮೊದಲು ವಸ್ತುಸ್ವರೂಪ. ಮನುಷ್ಯನು ತಿನ್ನುವ ಕಾಳುಕಡಿ, ಹಾಲುಹೈನಗಳಲ್ಲಿರುವ ಪ್ರೋಟೀನಿನಲ್ಲಿ ಗಂಧಕದ ಅಂಶವುಳ್ಳ ಮೆಥಿಯೊನೀನ್ ಎಂಬ ಅಮೈನೋ ಆಮ್ಲವಿದೆ. ದೇಹದ ಜೀವಕೋಶಗಳು ನೂರಾರು ಕೆಲಸಗಳಿಗಾಗಿ ಅದರಿಂದ ಮಿಥೈಲ್ ಎಂಬ ಒಂದು ಚಿಕ್ಕ ಅಂಶವನ್ನು ತೆಗೆದುಕೊಳ್ಳುತ್ತವೆ. ತೆಗೆದ ಮೇಲೆ ಉಳಿಯುವುದೇ ಹೋಮೋಸಿಸ್ಟೀನ್. ಗಾಣದಲ್ಲಿ ಎಣ್ಣೆ ಇಳಿದ ಮೇಲೆ ಹಿಂಡಿ ಉಳಿಯುವಂತೆ ಇದು ಉಳಿಯುತ್ತದೆ. ಹಿಂಡಿಯನ್ನು ಒಕ್ಕಲಿಗನು ಎಸೆಯುವುದಿಲ್ಲ. ದೇಹವೂ ಇದನ್ನು ಎಸೆಯುವುದಿಲ್ಲ. ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವಗಳ ನೆರವಿನಿಂದ ಅದು ಮತ್ತೆ ಮೆಥಿಯೊನೀನ್ ಆಗುತ್ತದೆ. ಇಲ್ಲವೆ ಬಿ-6 ಜೀವಸತ್ವದ ನೆರವಿನಿಂದ ಸಿಸ್ಟೀನ್ ಎಂಬ ಬೇರೊಂದು ಅಮೈನೋ ಆಮ್ಲವಾಗಿ ಸಾಗುತ್ತದೆ. ಈ ಜೀವಸತ್ವಗಳಲ್ಲಿ ಒಂದು ಕಡಿಮೆಯಾದರೂ ದಾರಿ ಕಟ್ಟುತ್ತದೆ, ಹೋಮೋಸಿಸ್ಟೀನ್ ರಕ್ತದಲ್ಲಿ ಸಂಗ್ರಹವಾಗುತ್ತದೆ. ಒಂದು ಲೀಟರಿಗೆ 5ರಿಂದ 15 ಮೈಕ್ರೋಮೋಲ್‌ವರೆಗೆ ಸಹಜವೆಂದು ವೈದ್ಯರು ಎಣಿಸುತ್ತಾರೆ. ಮೂತ್ರಪಿಂಡಗಳು ಕುಂದಿದಾಗ, ಥೈರಾಯ್ಡ್ ಗ್ರಂಥಿ ಮಂದವಾದಾಗ, ವಯಸ್ಸು ಏರಿದಂತೆ, ತಂಬಾಕು ಸೇವನೆಯಿಂದ, ಹುಟ್ಟಿನಿಂದಲೇ ಬಂದ ಕೆಲವು ಕಿಣ್ವದೋಷಗಳಿಂದ ಕೂಡ ಅದು ಏರುವುದುಂಟು.

ಈ ವಸ್ತುವನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ವಿನ್ಸೆಂಟ್ ಡು ವಿನ್ಯೋ ಅವರು ಮೆಥಿಯೊನೀನನ್ನು ತೀವ್ರ ಆಮ್ಲದೊಡನೆ ಕಾಯಿಸಿ 1932ರಲ್ಲಿ ಪಡೆದರು. ಗಂಧಕವುಳ್ಳ ಜೈವಿಕ ವಸ್ತುಗಳ ಮೇಲಿನ ಪರಿಶ್ರಮಕ್ಕಾಗಿ 1955ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಮೂವತ್ತು ವರ್ಷಗಳ ಕಾಲ ಅದು ಪ್ರಯೋಗಶಾಲೆಯ ಶೀಸೆಯಲ್ಲಿಯೇ ಉಳಿಯಿತು. 1962ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಬುದ್ಧಿಮಾಂದ್ಯದ ಮಕ್ಕಳನ್ನು ಪರೀಕ್ಷಿಸುತ್ತಿದ್ದ ವೈದ್ಯರಿಗೆ ಕೆಲವರ ಮೂತ್ರದಲ್ಲಿ ಈ ವಸ್ತು ವಿಪರೀತವಾಗಿ ಕಂಡುಬಂದಿತು. ಅಂಥ ಮಕ್ಕಳ ಕಣ್ಣಿನ ಮಸೂರವು ಸ್ಥಾನ ತಪ್ಪಿರುತ್ತಿತ್ತು. ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು.

ಇಲ್ಲಿಂದ ಮುಂದಿನ ಕಥೆ ಓದತಕ್ಕುದಾಗಿದೆ. ಬಾಸ್ಟನ್ ನಗರದ ರೋಗಶಾಸ್ತ್ರಜ್ಞ ಕಿಲ್ಮರ್ ಮೆಕಲಿ ಅವರು ಈ ರೋಗವುಳ್ಳ ಒಬ್ಬ ಬಾಲಿಕೆಯ ವಿಷಯವನ್ನು ಕೇಳಿದರು. ಆಕೆಯ ಸೋದರಮಾವನು 1933ರಲ್ಲಿ ಎಂಟನೆಯ ವರ್ಷದಲ್ಲಿಯೇ ಲಕ್ವ ಹೊಡೆದು ತೀರಿಕೊಂಡಿದ್ದನು. ಎಂಟು ವರ್ಷದ ಬಾಲಕನ ರಕ್ತನಾಳಗಳು ಮುಪ್ಪಿನವರ ನಾಳಗಳಂತೆ ಪೆಡಸಾಗಿದ್ದವು. ಮೆಕಲಿಯವರು ಮೂವತ್ತೈದು ವರ್ಷಗಳ ಹಿಂದಿನ ಶವಪರೀಕ್ಷೆಯ ಗಾಜಿನ ಫಲಕಗಳನ್ನು ಹುಡುಕಿ ತೆಗೆಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಷ್ಟರಲ್ಲಿ ಎರಡು ತಿಂಗಳ ಶಿಶುವೊಂದರ ಮರಣದ ವಿವರವೂ ಅವರ ಗಮನಕ್ಕೆ ಬಂದಿತು. ಆ ಶಿಶುವಿನ ದೋಷವು ಬಾಲಕನ ದೋಷವಲ್ಲ. ಅದು ಬಿ-12 ಜೀವಸತ್ವದ ಬಳಕೆಗೆ ಸಂಬಂಧಿಸಿದ ಬೇರೆಯೇ ದೋಷ. ಆದರೆ ನಾಳಗಳ ಹಾನಿ ಅದೇ, ಹೋಮೋಸಿಸ್ಟೀನಿನ ಏರಿಕೆಯೂ ಅದೇ. ಬೇರೆ ಬೇರೆ ದೋಷಗಳಿದ್ದರೂ ಎರಡರಲ್ಲಿಯೂ ಸಮಾನವಾಗಿರುವುದು ಯಾವುದೋ ಅದೇ ನಾಳಗಳ ಹಾನಿಗೆ ಕಾರಣವಾಗಿರಬೇಕೆಂದು ಅವರು ತರ್ಕಿಸಿದರು; 1969ರಲ್ಲಿ ಅದನ್ನು ಪ್ರಕಟಿಸಿದರು. ಮಕ್ಕಳಲ್ಲಿ ಅತಿಯಾಗಿ ಏರಿದಾಗ ಬೇಗನೆ ಆಗುವ ಕೆಡುಕು, ದೊಡ್ಡವರಲ್ಲಿ ಸ್ವಲ್ಪ ಏರಿದಾಗ ಮೆಲ್ಲನೆ ಆಗಬಾರದೇಕೆ ಎಂಬುದು ಅವರ ಪ್ರಶ್ನೆ. ಕೊಲೆಸ್ಟರಾಲಿನ ಮಾತೇ ಮಾತಾಗಿದ್ದ ಕಾಲವದು. ಅವರನ್ನು ಕೇಳುವವರಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಹಾರ್ವರ್ಡಿನ ತಮ್ಮ ಸ್ಥಾನವನ್ನೇ ಅವರು ಬಿಡಬೇಕಾಯಿತು. ತೊಂಬತ್ತರ ದಶಕದಲ್ಲಿ ಜನಸಮುದಾಯಗಳ ಅಧ್ಯಯನಗಳು ಒಂದರ ಮೇಲೊಂದು ಬಂದು, ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಲಕ್ವಗಳು ಹೆಚ್ಚೆಂದು ತೋರಿಸಿದ ಮೇಲೆ ಅದೇ ಲೋಕ ಅವರನ್ನು ಕರೆದು ಮಾನ್ಯ ಮಾಡಿತು. ಲೋಕದ ರೀತಿಯೇ ಹಾಗೆ. 2002ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೋಮೋಸಿಸ್ಟೀನ್ ಶೇಕಡಾ 25ರಷ್ಟು ಕಡಿಮೆಯಿದ್ದವರಲ್ಲಿ ಹೃದ್ರೋಗದ ಸಂಭವ ಶೇಕಡಾ 11ರಷ್ಟೂ ಲಕ್ವದ ಸಂಭವ ಶೇಕಡಾ 19ರಷ್ಟೂ ಕಡಿಮೆಯೆಂದು ಲೆಕ್ಕ ಬಂದಿತು.

ಇಷ್ಟಾದ ಮೇಲೆ ಇನ್ನೇನು ಬೇಕು, ಜೀವಸತ್ವದ ಗುಳಿಗೆ ನುಂಗಿ ಹೋಮೋಸಿಸ್ಟೀನನ್ನು ಇಳಿಸಿದರೆ ಹೃದಯಾಘಾತ ತಪ್ಪಿದಂತೆಯೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇಲ್ಲಿಯೇ ತರ್ಕಶಾಸ್ತ್ರದ ಪಾಠ ಉಪಯೋಗಕ್ಕೆ ಬರುತ್ತದೆ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಗುರುಮುಖದಿಂದ ಓದಿದ ಬಾಲಕನಿಗೂ ಗೊತ್ತಿರುವಂತೆ, ಎರಡು ವಸ್ತುಗಳು ಸದಾ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎನ್ನಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಹೊಗೆಗೆ ಹಸಿಸೌದೆಯ ಸಂಪರ್ಕವೂ ಬೇಕು. ಹೀಗೆ ಮರೆಯಲ್ಲಿ ನಿಂತು ಸಂಬಂಧವನ್ನು ತೋರಿಸುವ ಮೂರನೆಯದಕ್ಕೆ ನೈಯಾಯಿಕರು 'ಉಪಾಧಿ' ಎಂದು ಹೆಸರಿಟ್ಟರು. ಇಂದಿನ ವೈದ್ಯವಿಜ್ಞಾನವು ಬೇರೆ ಪರಿಭಾಷೆಯಲ್ಲಿ ಹುಡುಕುತ್ತಿರುವುದೂ ಈ ಉಪಾಧಿಯನ್ನೇ. ಮೂತ್ರಪಿಂಡ ಕುಂದಿದವನಲ್ಲಿ ಹೋಮೋಸಿಸ್ಟೀನ್ ಏರುತ್ತದೆ. ಮೂತ್ರಪಿಂಡ ಕುಂದಿದವನಿಗೆ ಹೃದ್ರೋಗವೂ ಹೆಚ್ಚು. ಬೀಡಿ ಸೇದುವವನಲ್ಲಿ ಎರಡೂ ಹೆಚ್ಚು. ಮುದುಕರಲ್ಲಿಯೂ ಎರಡೂ ಹೆಚ್ಚು. ಹಾಗಿರುವಾಗ ಕಳ್ಳನಾರು, ಕಳ್ಳನ ಜೊತೆ ದಾರಿ ನಡೆದವನಾರು ಎಂದು ಹೇಗೆ ತೀರ್ಮಾನಿಸುವುದು? ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು. ಕಾರಣವೆಂದು ಹೇಳಲಾದುದನ್ನು ತೆಗೆದಾಗ ಕಾರ್ಯವೂ ಇಲ್ಲವಾಗಬೇಕು.

ಆ ಪರೀಕ್ಷೆಯೂ ನಡೆಯಿತು. 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲ ಒಟ್ಟಿಗೆ ಪ್ರಕಟವಾಯಿತು. ನಾರ್ವೆ ದೇಶದಲ್ಲಿ ಒಮ್ಮೆ ಹೃದಯಾಘಾತವಾಗಿದ್ದ 3,749 ಜನರಲ್ಲಿ ಕೆಲವರಿಗೆ ಫೋಲಿಕ್ ಆಮ್ಲ ಮತ್ತು ಬಿ ಜೀವಸತ್ವಗಳ ಗುಳಿಗೆಯನ್ನೂ ಕೆಲವರಿಗೆ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದರು. ಹೋಮೋಸಿಸ್ಟೀನ್ ಶೇಕಡಾ 27ರಷ್ಟು ಇಳಿಯಿತು; ಹೃದಯಾಘಾತಗಳು ಇಳಿಯಲಿಲ್ಲ. 'ಹೋಪ್-2' ಎಂಬ ಇನ್ನೊಂದು ಪ್ರಯೋಗದಲ್ಲಿ 5,522 ಜನರನ್ನು ಐದು ವರ್ಷ ನೋಡಿಕೊಂಡರು. ಅಲ್ಲಿಯೂ ಹೃದಯಕ್ಕೆ ಲಾಭವಾಗಲಿಲ್ಲ, ಲಕ್ವ ಮಾತ್ರ ಸ್ವಲ್ಪ ಕಡಿಮೆಯಾದಂತೆ ಕಂಡಿತು. 2017ರಲ್ಲಿ ಇಂಥ 15 ಪ್ರಯೋಗಗಳನ್ನು, 71 ಸಾವಿರಕ್ಕೂ ಮಿಕ್ಕ ಜನರ ವಿವರಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ಬಂದ ಉತ್ತರ ಅದೇ. ವ್ಯತಿರೇಕವು ಸಿದ್ಧಿಸಲಿಲ್ಲ. ಆದುದರಿಂದ, ಹೋಮೋಸಿಸ್ಟೀನ್ ಏರಿರುವುದು ಹೃದ್ರೋಗದ ಸಂಭವವನ್ನು ಸೂಚಿಸುವ ಸಾಕ್ಷಿಯೆನ್ನಬಹುದು. ಅದನ್ನು ಇಳಿಸಿದೊಡನೆ ಹೃದಯಾಘಾತ ತಪ್ಪುತ್ತದೆಂದು ಹೇಳಿ ಗುಳಿಗೆ ಮಾರುವವರ ಮಾತಿಗೆ ಆಧಾರವಿಲ್ಲ.

ಹಾಗಾದರೆ ಜಂತಿಗೆ ಸಿಕ್ಕಿಸಿದವರೇ ಸರಿಯೆ? ಅಲ್ಲ. ಎರಡು ಸಂಗತಿಗಳನ್ನು ವಾಚಕರು ಇಲ್ಲಿ ಗಮನಿಸಬೇಕು. ಆ ಪ್ರಯೋಗಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕಗಳಲ್ಲಿ ನಡೆದವು. ಅಲ್ಲಿಯ ಜನರ ಹೋಮೋಸಿಸ್ಟೀನ್ ಆರಂಭದಲ್ಲಿಯೇ 12-13ರ ಸುಮಾರಿನಲ್ಲಿತ್ತು. ಅಮೆರಿಕದಲ್ಲಂತೂ 1998ರಿಂದ ಗೋದಿಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾಗಿದೆ. ತುಂಬಿದ ಕೆರೆಗೆ ಮತ್ತೆ ನೀರು ಬಿಟ್ಟು ಬೆಳೆ ಹೆಚ್ಚಲಿಲ್ಲವೆಂದರೆ, ಬತ್ತಿದ ಕೆರೆಗೂ ನೀರು ಬೇಡವೆಂದು ಅರ್ಥವಾಗುವುದಿಲ್ಲ. ಚೀನದಲ್ಲಿ ಹಿಟ್ಟಿಗೆ ಬೆರೆಸುವ ಪದ್ಧತಿಯಿರಲಿಲ್ಲ. ಅಲ್ಲಿ ರಕ್ತದೊತ್ತಡವುಳ್ಳ 20,702 ಜನರಲ್ಲಿ ಅರ್ಧ ಜನರಿಗೆ ಒತ್ತಡದ ಮಾತ್ರೆಯೊಂದನ್ನೇ ಕೊಟ್ಟು, ಉಳಿದವರಿಗೆ ಅದರೊಡನೆ 0.8 ಮಿಲಿಗ್ರಾಂ ಫೋಲಿಕ್ ಆಮ್ಲವನ್ನೂ ಕೊಟ್ಟು ನೋಡಿದಾಗ, ಎರಡನ್ನೂ ಪಡೆದವರಲ್ಲಿ ಮೊದಲ ಬಾರಿ ಲಕ್ವವಾಗುವುದು ಶೇಕಡಾ 21ರಷ್ಟು ಕಡಿಮೆಯಾಯಿತೆಂದು 2015ರಲ್ಲಿ ಪ್ರಕಟವಾಯಿತು. ಇದು ಒಂದು.

ಎರಡನೆಯದು ಹೆಚ್ಚು ಮುಖ್ಯವಾದುದು, ಮತ್ತು ಈ ನಾಡಿಗೇ ಸಂಬಂಧಿಸಿದುದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧನ ಕೇಂದ್ರದ ಡಾಕ್ಟರ್ ಚಿತ್ತರಂಜನ ಯಾಜ್ಞಿಕ್ ಮತ್ತು ಅವರ ಸಂಗಡಿಗರು ಹಳ್ಳಿ ಮತ್ತು ನಗರಗಳ 441 ಮಧ್ಯವಯಸ್ಕ ಗಂಡಸರ ರಕ್ತವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವಿವರದಂತೆ, ಅವರಲ್ಲಿ ಶೇಕಡಾ 67 ಜನರಿಗೆ ಬಿ-12 ಕೊರತೆ. ಶೇಕಡಾ 58 ಜನರಲ್ಲಿ ಹೋಮೋಸಿಸ್ಟೀನ್ 15ನ್ನು ದಾಟಿತ್ತು. ಉಂಡುಟ್ಟು ಸುಖವಾಗಿದ್ದ ನಗರದ ಮಧ್ಯಮವರ್ಗದವರಲ್ಲಿಯೇ ಕೊರತೆ ಅತಿಹೆಚ್ಚು, ಶೇಕಡಾ 81. ಕಾರಣ ಬಡತನವಲ್ಲ, ಶಾಕಾಹಾರ. ಕರ್ನಾಟಕದ ಸಾಕ್ಷಿಯೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ 1997-98ರಲ್ಲಿ ಬಂದ ಗರ್ಭಿಣಿಯರ ರಕ್ತವನ್ನು ಕೂಡಿಟ್ಟು ನೋಡಿದಾಗ, 774 ಜನರಲ್ಲಿ ಶೇಕಡಾ 43 ಜನರಿಗೆ ಬಿ-12 ಕೊರತೆಯಿದ್ದುದು ಕಂಡುಬಂದು 2009ರಲ್ಲಿ ಪ್ರಕಟವಾಯಿತು. ಆ ತಾಯಂದಿರಲ್ಲಿ ಫೋಲಿಕ್ ಆಮ್ಲದ ಕೊರತೆಯಿದ್ದವರು ಶೇಕಡಾ 4 ಮಾತ್ರ. ಬಿ-12 ಕಡಿಮೆಯಿದ್ದವರಲ್ಲಿ ಬೊಜ್ಜೂ ಗರ್ಭಕಾಲದ ಮಧುಮೇಹವೂ ಹೆಚ್ಚಾಗಿದ್ದವು. ಸೊಪ್ಪು ಕಾಳುಗಳ ನಾಡಿನಲ್ಲಿ ಫೋಲಿಕ್ ಆಮ್ಲಕ್ಕೆ ಬರವಿಲ್ಲ, ಬರವಿರುವುದು ಬಿ-12ಕ್ಕೆ ಎಂಬುದು ಇದರಿಂದ ಸ್ಪಷ್ಟ.

ಅದು ಸಹಜವೂ ಹೌದು. ಬಿಜಾಪುರ ಸೀಮೆಯ ಊಟವನ್ನೇ ನೋಡಬೇಕು. ಬಿಳಿಜೋಳದ ರೊಟ್ಟಿ, ಮೆಂತ್ಯದ ಪಲ್ಲೆ, ಪುಂಡಿಪಲ್ಲೆ, ಹಕ್ಕರಕಿ, ರಾಜಗಿರಿ, ಮಡಕಿಕಾಳು, ತೊಗರಿಬೇಳೆ, ಶೇಂಗಾಹಿಂಡಿ, ಅಗಸಿಹಿಂಡಿ. ಎಳ್ಳಮಾಸ್ಯೆಯ ಹೊತ್ತಿಗೆ ಎಳೆಯ ಕಡಲೆಸೊಪ್ಪು. ಇವುಗಳಲ್ಲಿ ಫೋಲಿಕ್ ಆಮ್ಲ ಧಾರಾಳವಾಗಿದೆ. ಆ ಹೆಸರಿಗೇ ಎಲೆ ಎಂಬರ್ಥದ ಲ್ಯಾಟಿನ್ ಶಬ್ದ ಮೂಲ, 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು ಇಟ್ಟ ಹೆಸರದು. ಅದರ ಮೊದಲ ಸುಳಿವು ದೊರೆತುದಾದರೋ ಭಾರತದಲ್ಲಿಯೇ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಹಾಫ್ಕಿನ್ ಸಂಸ್ಥೆಯಲ್ಲಿ ಕುಳಿತು, ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ರಸದಿಂದ ಅದು ಗುಣವಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಆ ರಸದೊಳಗಿನ ಅಜ್ಞಾತ ಅಂಶವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ಹೊತ್ತಿನ ತುತ್ತಿಗಾಗಿ ಗಿರಣಿ ಸೇರಿದ ಹೆಣ್ಣುಮಕ್ಕಳ ರಕ್ತದಿಂದ ಜಗತ್ತು ಕಲಿತ ಪಾಠವಿದು. ಪಠ್ಯಪುಸ್ತಕಗಳು ಇದನ್ನು ನೆನೆಯುವುದು ಅಪೂರ್ವ. ಸೊಪ್ಪನ್ನು ಬಹಳ ಹೊತ್ತು ಬೇಯಿಸಿ ಬಸಿದು ನೀರು ಚೆಲ್ಲಿದರೆ ಈ ಸತ್ತ್ವ ಹೋಗುತ್ತದೆ ಎಂಬುದಷ್ಟನ್ನು ಗೃಹಿಣಿಯರು ನೆನಪಿಟ್ಟರೆ ಸಾಕು.

ಬಿ-12ರ ಮಾತು ಬೇರೆ. ಅದನ್ನು ಯಾವ ಸಸ್ಯವೂ ತಯಾರಿಸುವುದಿಲ್ಲ, ಯಾವ ಪ್ರಾಣಿಯೂ ತಯಾರಿಸುವುದಿಲ್ಲ. ತಯಾರಿಸುವವು ಸೂಕ್ಷ್ಮಾಣುಗಳು ಮಾತ್ರ. ಆಕಳು ಎಮ್ಮೆಗಳ ಮೆಲುಕುಹೊಟ್ಟೆಯಲ್ಲಿ ಈ ಸೂಕ್ಷ್ಮಾಣುಗಳು ಮೇವಿನೊಡನೆ ಬಂದ ಕೋಬಾಲ್ಟ್ ಲೋಹದ ಕಣವನ್ನು ಬಳಸಿಕೊಂಡು ಅದನ್ನು ಕಟ್ಟುತ್ತವೆ. ಅಲ್ಲಿಂದ ಅದು ಹಾಲಿಗೆ ಇಳಿಯುತ್ತದೆ. ಕಾಖಂಡಕಿಯು ಮಹಿಪತಿದಾಸರ ಊರೆಂದು ಭಕ್ತರಿಗೆ ಗೊತ್ತು. ಕಾರಹುಣ್ಣಿಮೆಯ ಕರಿಯ ಊರೆಂದು ಸುತ್ತಣ ಸೀಮೆಗೆಲ್ಲ ಗೊತ್ತು. ಎತ್ತುಗಳನ್ನು ಸಿಂಗರಿಸಿ ಓಡಿಸುವ ಆ ದಿನ ಕಾಣುವ ದನಕರುಗಳ ಮೇಲಿನ ಅಭಿಮಾನವು ಉಳಿದ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಕಾಣುವುದು ಅಪರೂಪವಾಗುತ್ತಿದೆ. ಟ್ರ್ಯಾಕ್ಟರುಗಳು ಬಂದವು, ಏತನೀರಾವರಿಯ ನೀರು ಹರಿದಲ್ಲಿ ಜೋಳದ ಹೊಲಗಳು ಕಬ್ಬು, ದ್ರಾಕ್ಷಿಗಳಾದವು, ಕಣಿಕೆ ಕಡಿಮೆಯಾಯಿತು, ಹಟ್ಟಿ ಬರಿದಾಯಿತು. ಹೈನವಿರುವ ಮನೆಯಲ್ಲಿಯೂ ಬೆಳಗಿನ ಹಾಲು ಡೇರಿಯ ಕ್ಯಾನಿಗೆ ಹೋಗುತ್ತದೆ, ಮನೆಯ ಮಕ್ಕಳಿಗೆ ಚಹದ ಬಣ್ಣ ಬದಲಿಸುವಷ್ಟು ಉಳಿಯುತ್ತದೆ. ಕೆನೆಮೊಸರಿಗೆ ಹೆಸರಾದ ಸೀಮೆಯಲ್ಲಿ ಮೊಸರು ಹಬ್ಬದೂಟದ ಪದಾರ್ಥವಾಗತೊಡಗಿದೆ.

ಶಾಕಾಹಾರವು ಈ ಸಮಾಜಕ್ಕೆ ವ್ರತ. ಅದನ್ನು ಬಿಡಬೇಕೆಂದು ಹೇಳುವ ಅಗತ್ಯ ವೈದ್ಯಶಾಸ್ತ್ರಕ್ಕೂ ಇಲ್ಲ. ಆದರೆ ವ್ರತವನ್ನು ಪಾಲಿಸುವವನು ಅದರ ಹೊಣೆಯನ್ನೂ ಅರಿಯಬೇಕು. ಹಿಂದಿನವರ ಶಾಕಾಹಾರವೆಂದರೆ ಹೈನದೊಡನೆ ಕೂಡಿದ ಶಾಕಾಹಾರವಾಗಿತ್ತು. ಹೈನವನ್ನು ಕಳೆದು ಉಳಿದುದನ್ನು ಹಿಂದಿನ ಹೆಸರಿನಿಂದಲೇ ಕರೆದರೆ ದೇಹವು ಆ ಹೆಸರಿಗೆ ಮರುಳಾಗುವುದಿಲ್ಲ. ಬಿ-12ರ ಕೊರತೆ ಹೃದಯದ ಮಾತನ್ನು ಬದಿಗಿಟ್ಟರೂ ಚಿಕ್ಕದಲ್ಲ. ಕೈಕಾಲು ಜೋಮು ಹಿಡಿಯುವುದು, ನಡಿಗೆಯಲ್ಲಿ ತೋಲು ತಪ್ಪುವುದು, ಮರೆವು, ನಾಲಿಗೆಯ ಉರಿ, ರಕ್ತಹೀನತೆ, ಬಹುಕಾಲ ಉಪೇಕ್ಷಿಸಿದರೆ ಮತ್ತೆ ಸರಿಹೋಗದ ನರಗಳ ಹಾನಿ. ಮುಪ್ಪಿನ ದೋಷವೆಂದು ಸುಮ್ಮನೆ ಬಿಟ್ಟ ಎಷ್ಟೋ ಅಜ್ಜ ಅಮ್ಮಂದಿರ ಕಾಲುಜೋಮು ಇದೇ ಆಗಿರಬಹುದು. ಸಕ್ಕರೆರೋಗಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿಯೂ, ಹೊಟ್ಟೆಯ ಹುಳಿಯನ್ನು ಅಡಗಿಸುವ ಮಾತ್ರೆಯನ್ನು ಬಹುದಿನ ನುಂಗುವವರಲ್ಲಿಯೂ ಬಿ-12 ಕುಂದುತ್ತದೆ. ಅಂಥವರು ವೈದ್ಯರೊಡನೆ ಈ ಮಾತನ್ನು ತಾವಾಗಿಯೇ ಎತ್ತುವುದು ಲೇಸು. ಹೋಮೋಸಿಸ್ಟೀನಿನ ಏರಿದ ಅಂಕಿ ಇಂಥವರ ಪಾಲಿಗೆ ಬಾಗಿಲು ಬಡಿಯುವ ಓಲೆಕಾರ. ಓಲೆಕಾರನನ್ನು ಹೊಡೆದಟ್ಟುವುದಲ್ಲ, ಅವನು ತಂದ ಓಲೆಯನ್ನು ಓದಬೇಕು.

ಈಗ ಮಕ್ಕಳ ಪಂಕ್ತಿಯ ಮಾತು. 2021ರ ಡಿಸೆಂಬರದಲ್ಲಿ ಸರಕಾರವು ಕಲ್ಯಾಣ ಕರ್ನಾಟಕದ ಜಿಲ್ಲೆಗಳೊಡನೆ ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿಯೂ ಬಿಸಿಯೂಟದಲ್ಲಿ ಮೊಟ್ಟೆ ಕೊಡತೊಡಗಿದಾಗ ಉಂಟಾದ ವಾದವಿವಾದ ಎಲ್ಲರಿಗೂ ನೆನಪಿದೆ. ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳೇ ಮೊಟ್ಟೆ ಬೇಕೆಂದು ಬಹಿರಂಗವಾಗಿ ಕೇಳಿದುದೂ ಪತ್ರಿಕೆಗಳಲ್ಲಿ ಬಂದಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದು ತೀರ್ಮಾನವಾಯಿತು. ಮುಂದೆ ಶೇಂಗಾ ಚಿಕ್ಕಿಯೂ ಸೇರಿತು. ತಿನ್ನುವ ಮಗುವಿಗೆ ಮೊಟ್ಟೆ ಸಿಗುವುದನ್ನು ತಡೆಯುವುದು ಯಾರಿಗೂ ಶೋಭಿಸದು. ಆದರೆ ಆ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಮೊಟ್ಟೆಯಲ್ಲಿರುವ ಬಿ-12 ಬಾಳೆಹಣ್ಣಿನಲ್ಲಿದೆಯೆ? ಇಲ್ಲ. ಚಿಕ್ಕಿಯಲ್ಲಿದೆಯೆ? ಇಲ್ಲ. ಮೊಟ್ಟೆ ಬೇಡವೆಂದವರು ಆ ಮಗುವಿನ ಪಾಲಿಗೆ ಬೇರೆ ಏನನ್ನು ತಂದುಕೊಟ್ಟರು? ಬೇಡವೆನ್ನುವುದು ಸುಲಭ, ಬೇಡವೆಂದುದರ ಸ್ಥಾನದಲ್ಲಿ ಸಮನಾದುದನ್ನು ಇಡುವುದು ಖರ್ಚಿನ ಕೆಲಸ. ಆ ಖರ್ಚನ್ನು ಹೊರದೆ ಮಾಡಿದ ಪ್ರತಿಭಟನೆ, ಪರರ ಮಗುವಿನ ತಟ್ಟೆಯ ಮೇಲೆ ಮಾಡಿದ ಉಪವಾಸವ್ರತದಂತೆ. ಈ ಮಾತು ಕಟುವೆಂದು ತೋರಿದರೂ ಆಡದೆ ವಿಧಿಯಿಲ್ಲ.

2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯು ಈ ದಿಕ್ಕಿನಲ್ಲಿ ಸರಕಾರವಿಟ್ಟ ಒಳ್ಳೆಯ ಹೆಜ್ಜೆ. ಆದರೆ ಅಲ್ಲಿ ಒಂದು ಮಗುವಿಗೆ ಸಲ್ಲುವುದು 150 ಮಿಲಿಲೀಟರ್ ಹಾಲು. ನೂರು ಮಿಲಿಲೀಟರ್ ಹಾಲಿನಲ್ಲಿ ಬಿ-12 ಸುಮಾರು 0.4 ಮೈಕ್ರೋಗ್ರಾಂನಷ್ಟು, ಬಲಿತ ಮನುಷ್ಯನಿಗೆ ದಿನಕ್ಕೆ ಬೇಕಾದುದು ಎರಡು-ಎರಡೂವರೆ ಮೈಕ್ರೋಗ್ರಾಂ, ಹತ್ತು ಹನ್ನೆರಡು ವರ್ಷದ ಮಗುವಿಗೆ ಎರಡಕ್ಕೆ ಸ್ವಲ್ಪ ಕಡಿಮೆ. ಲೋಟದ ಹಾಲು ಅಗತ್ಯದ ಮೂರನೆಯ ಒಂದು ಪಾಲನ್ನು ಮುಟ್ಟುತ್ತದೆ ಅಷ್ಟೆ. ಅದೂ ಶಾಲೆ ನಡೆಯುವ ದಿನಗಳಲ್ಲಿ. ಸರಕಾರವು ವಾರಕ್ಕೊಮ್ಮೆ ಹದಿಹರೆಯದವರಿಗೆ ಕೊಡುವ ನೀಲಿ ಮಾತ್ರೆಯಲ್ಲಿ ಕಬ್ಬಿಣವಿದೆ, ಫೋಲಿಕ್ ಆಮ್ಲವಿದೆ, ಬಿ-12 ಇಲ್ಲ. ಆ ಮಾತ್ರೆ ಬೇಕೇ ಬೇಕು, ಅದನ್ನು ಮಕ್ಕಳು ಬಚ್ಚಲಿಗೆ ಎಸೆಯದಂತೆ ಶಿಕ್ಷಕರು ನೋಡಿಕೊಳ್ಳಬೇಕು. ಆದರೆ ಬಿ-12 ಕೊರತೆಯವರಿಗೆ ಫೋಲಿಕ್ ಆಮ್ಲವೊಂದನ್ನೇ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತಹೀನತೆ ಮಾಯವಾದಂತೆ ಕಂಡು, ಒಳಗೊಳಗೆ ನರಗಳ ಹಾನಿ ಮುಂದುವರಿಯುತ್ತದೆ ಎಂಬುದು ಬಹುಕಾಲದಿಂದ ವೈದ್ಯರಿಗೆ ಗೊತ್ತಿರುವ ವಿಷಯ. ಅಂಗಡಿಯಿಂದ ತಾವೇ ಗುಳಿಗೆ ತಂದು ನುಂಗುವವರು ಇದನ್ನು ಮರೆಯಬಾರದು.

ಮಠಗಳ ಪ್ರಸಾದನಿಲಯಗಳು ಈ ಭಾಗದಲ್ಲಿ ಮಾಡಿದ ಕೆಲಸವನ್ನು ಹೊಸದಾಗಿ ವರ್ಣಿಸಬೇಕಾಗಿಲ್ಲ. ಫ.ಗು. ಹಳಕಟ್ಟಿಯವರಂಥವರು 1910ರಲ್ಲಿ ಬಿಜಾಪುರದಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಲು ಹೊರಟಾಗ ಹಳ್ಳಿಯ ಒಕ್ಕಲು ಮಕ್ಕಳಿಗೆ ಅಕ್ಷರವೇ ದುರ್ಲಭವಾಗಿತ್ತು. ಉಳಿದು ಓದಲು ನೆಲೆ, ಹೊಟ್ಟೆಗೆ ರೊಟ್ಟಿ ಸಿಕ್ಕರೆ ಅದೇ ಮಹಾಭಾಗ್ಯವಾಗಿತ್ತು. ದಾನಿಗಳು ಜೋಳದ ಚೀಲ, ಬೇಳೆಯ ಚೀಲ ಕೊಟ್ಟರು, ಇಂದಿಗೂ ಕೊಡುತ್ತಿದ್ದಾರೆ. ಜಾತ್ರೆಯ ದಿನ ಹುಗ್ಗಿಗೆ ಡಬ್ಬಿಗಟ್ಟಲೆ ತುಪ್ಪ ಬರುತ್ತದೆ. ಇಲ್ಲೊಂದು ಮಾತು ಹೇಳಬೇಕು. ಬಿ-12 ನೀರಿನಲ್ಲಿ ಕರಗುವ ಜೀವಸತ್ವ. ತುಪ್ಪದಲ್ಲಿ ಅದು ಇಲ್ಲ. ಬೆಣ್ಣೆ ತೆಗೆದ ಮೇಲೆ ಉಳಿಯುವ ಮಜ್ಜಿಗೆಯಲ್ಲಿದೆ! ಶ್ರೀಮಂತರ ಪದಾರ್ಥವೆಂದು ತುಪ್ಪವನ್ನು ದಾನ ಮಾಡಿ, ಬಡವರ ಪದಾರ್ಥವೆಂದು ಮಜ್ಜಿಗೆಯನ್ನು ಕಡೆಗಣಿಸಿದ ಲೆಕ್ಕವು ಇಲ್ಲಿ ತಲೆಕೆಳಗಾಗುತ್ತದೆ. ಆದರೆ ಒಂದು ಸೇರು ಮೊಸರಿಗೆ ನಾಲ್ಕು ಕೊಡ ನೀರು ಬೆರೆಸಿದ ಮಜ್ಜಿಗೆಯಿಂದ ಏನೂ ಸಾಧಿಸದು. ಅದು ಬಾಯಾರಿಕೆಗೆ ಮಾತ್ರ.

ಹೃದಯದ ವಿಷಯಕ್ಕೆ ಬಂದರೆ ಹೋಮೋಸಿಸ್ಟೀನಿಗಿಂತ ಮೊದಲು ನಿಲ್ಲುವ ಶತ್ರುಗಳು ಬೇರೆ ಇದ್ದಾರೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ, ಭಾರತವೂ ಭಾಗವಹಿಸಿದ 'ಇಂಟರ್‌ಹಾರ್ಟ್' ಅಧ್ಯಯನವು ಮೊದಲ ಹೃದಯಾಘಾತದ ಸಂಭವದಲ್ಲಿ ಶೇಕಡಾ 90ರಷ್ಟಕ್ಕೆ ಒಂಬತ್ತು ಸಂಗತಿಗಳ ಸಂಬಂಧವನ್ನು ತೋರಿಸಿತು. ತಂಬಾಕು, ಕೊಬ್ಬಿನ ಅಂಶಗಳ ಏರುಪೇರು, ರಕ್ತದೊತ್ತಡ, ಸಕ್ಕರೆರೋಗ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಗಳನ್ನು ತಿನ್ನದಿರುವುದು, ದೇಹಶ್ರಮವಿಲ್ಲದಿರುವುದು ಮುಂತಾದವು ಅವು. ಹೋಮೋಸಿಸ್ಟೀನ್ ಆ ಪಟ್ಟಿಯಲ್ಲಿಲ್ಲ. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಸರಾಸರಿ 53ನೆಯ ವಯಸ್ಸಿನಲ್ಲಿಯೂ ಇತರರಿಗೆ ಸುಮಾರು 59ರಲ್ಲಿಯೂ ಆಗುತ್ತದೆಂದು ಅದೇ ಅಧ್ಯಯನದ ವಿವರಗಳಿಂದ 2007ರಲ್ಲಿ ಕಂಡುಬಂದಿತು. ಗುಟ್ಕಾದ ಚೀಟಿ ಕಿಸೆಯಲ್ಲಿಟ್ಟುಕೊಂಡು ಹೋಮೋಸಿಸ್ಟೀನಿನ ಪರೀಕ್ಷೆಗೆ ಹಣ ಸುರಿಯುವವನು ಹಿತ್ತಲ ಬಾಗಿಲನ್ನು ತೆರೆದಿಟ್ಟು ತಲೆಬಾಗಿಲಿಗೆ ಎರಡನೆಯ ಬೀಗ ಹಾಕಿದವನಂತೆ. ಆರೋಗ್ಯವಾಗಿರುವ ಪ್ರತಿಯೊಬ್ಬರಿಗೂ ಈ ಪರೀಕ್ಷೆ ಬೇಕಿಲ್ಲ. ಎಳೆಯ ವಯಸ್ಸಿನಲ್ಲಿ ಲಕ್ವ, ಹೃದಯಾಘಾತ, ರಕ್ತ ಹೆಪ್ಪುಗಟ್ಟುವ ತೊಂದರೆಯಾದ ಮನೆತನಗಳಲ್ಲಿ ವೈದ್ಯರು ಕೇಳಿದಾಗ ಮಾಡಿಸುವುದು ಯುಕ್ತ. ಕಟ್ಟಾ ಶಾಕಾಹಾರಿಗಳು, ಮುದುಕರು, ಗರ್ಭಿಣಿಯರು ಬಿ-12ರ ಪರೀಕ್ಷೆಯನ್ನೇ ನೇರವಾಗಿ ಮಾಡಿಸಿಕೊಳ್ಳುವುದು ಮೇಲು. ಕೊರತೆ ಕಂಡರೆ ಗುಳಿಗೆಯೋ ಸೂಜಿಯೋ ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕು. ಮಾರಾಟಕ್ಕಿರುವ ಬಿ-12 ಸೂಕ್ಷ್ಮಾಣುಗಳನ್ನು ಬೆಳೆಸಿ ಪಡೆದುದಾದ್ದರಿಂದ ವ್ರತಭಂಗದ ಶಂಕೆಗೂ ಎಡೆಯಿಲ್ಲ. ಮೇಲುಹೊದಿಕೆಯ ವಸ್ತು ಯಾವುದೆಂದು ಕೇಳಿ, ಹಸಿರು ಚುಕ್ಕೆಯಿದ್ದುದನ್ನು ಆರಿಸಿಕೊಂಡರಾಯಿತು.

ಇನ್ನು ದಾನಿಗಳ ಮುಂದಿಡಬೇಕಾದ ಲೆಕ್ಕ ಚಿಕ್ಕದು. ನೂರು ಮಕ್ಕಳ ಪ್ರಸಾದನಿಲಯವೊಂದರಲ್ಲಿ ಪ್ರತಿ ಮಗುವಿಗೆ ಬೆಳಿಗ್ಗೆ ಒಂದು ಲೋಟ ಹಾಲು, ಎರಡು ಹೊತ್ತಿನ ಊಟದಲ್ಲಿ ಕೂಡಿ ಕಾಲು ಸೇರು ಗಟ್ಟಿ ಮೊಸರು ಎಂದರೆ ದಿನಕ್ಕೆ ಇಪ್ಪತ್ತು ಲೀಟರ್ ಹಾಲು, ಇಪ್ಪತ್ತೈದು ಲೀಟರಿನಷ್ಟು ಮೊಸರು. ಇಷ್ಟಾದರೆ ಮಗುವಿಗೆ ದಿನದ ಬಿ-12 ಹೆಚ್ಚುಕಡಿಮೆ ಪೂರ್ತಿ ಸಿಕ್ಕಂತೆ. ಹಾಲು ಒಗ್ಗದ ಮಕ್ಕಳೂ ಇರುತ್ತಾರೆ, ಅವರಿಗೆ ಹೆಪ್ಪುಹಾಕಿದ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಅದೂ ಒಗ್ಗದವರಿಗೆ ವೈದ್ಯರ ಸಲಹೆಯಂತೆ ಮಾತ್ರೆ ಇದೆ. ನಲವತ್ತೈದು ಲೀಟರ್ ಎಂದರೆ ಏಳೆಂಟು ಒಳ್ಳೆಯ ಎಮ್ಮೆಗಳ ಹೈನ. ಹಳೆಯ ವಿದ್ಯಾರ್ಥಿಗಳ ಸಂಘಗಳು ಕಮಾನು, ಫಲಕ, ಸಭಾಮಂಟಪಗಳಿಗೆ ಕೊಡುವ ಹಣದಲ್ಲಿ ಒಂದು ಭಾಗವನ್ನು ಇತ್ತ ತಿರುಗಿಸಬಹುದು. ಊರಿನ ಹೈನಗಾರರು ಡೇರಿಗೆ ಹೋಗುವ ಹಾದಿಯಲ್ಲಿ ಪ್ರಸಾದನಿಲಯದ ಬಾಗಿಲಲ್ಲಿ ಅರ್ಧ ಲೀಟರ್ ಅಳೆದು ಹೋಗಬಹುದು. ಮೇವಿಗೆಂದು ಯಾರಾದರೂ ಎರಡೆಕರೆ ಬಿಟ್ಟುಕೊಡಬಹುದು. ಹುಗ್ಗಿಯ ತುಪ್ಪದ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಮುಂದಿನ ಪುಟದಿಂದ ಇದನ್ನೂ ಬರೆಯತೊಡಗಬಹುದು.